ಪಾಲಮಲೆಯ ಬುಡದಲ್ಲಿ ಹರಿದ ನೀರು, ಹರಿದ ಹಣ



ಸೇಲಂ ಜಿಲ್ಲೆಯ ಮೆಟ್ಟೂರು ಅಣೆಕಟ್ಟನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಕಾವೇರಿಯ ಒಂದು ದಡದಲ್ಲಿ ಸೀತಾಮಲೆ, ಇನ್ನೊಂದು ದಡದಲ್ಲಿ ಪಾಲಮಲೆ. ಈ ಎರಡು ಬೆಟ್ಟಗಳ ನಡುವಿನ ಕಣಿವೆಗೆ ಅಡ್ಡವಾಗಿ ಕಟ್ಟೆ ಹಾಕಿದ್ದಾರೆ. ಹಿನ್ನೀರಿನ ಆಚೆ ದಡದಲ್ಲಿ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಸೀಮೆ. ಕೊಳತ್ತೂರು ದಾಟಿ ಬಡಗಣಕ್ಕೆ ಹೋದರೆ ಪಾಲಾರ್ ಹಳ್ಳ, ಅದರಾಚೆ ಕರ್ನಾಟಕ, ಮಲೆ ಮಹದೇಶ್ವರ ಬೆಟ್ಟ. ಪಾಲಮಲೆಯ ನೆತ್ತಿಯಲ್ಲಿ ಸಿದ್ಧೇಶ್ವರನ ಗುಡಿ ಇದೆ. ಪುರಟ್ಟಾಸಿ ತಿಂಗಳಲ್ಲಿ ಜನ ಸಾಲುಗಟ್ಟಿ ಬೆಟ್ಟ ಹತ್ತುತ್ತಾರೆ. ಮೇಲಿರುವ ಊರುಗಳಿಗೆ ಎಷ್ಟೋ ದಶಕಗಳ ಕಾಲ ಕಾಲುದಾರಿಯೇ ದಾರಿಯಾಗಿತ್ತು.

ಈ ಬೆಟ್ಟದ ಜಿಲ್ಲಾ ಕೇಂದ್ರವಾದ ಸೇಲಂ ಭಾರತದ 100 ಸ್ಮಾರ್ಟ್ ಸಿಟಿಗಳಲ್ಲಿ ಒಂದು. 2015ರ ಜೂನ್ 25ರಂದು ಶುರುವಾದ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ದೇಶದಲ್ಲಿ 8,000ಕ್ಕೂ ಹೆಚ್ಚು ಕಾಮಗಾರಿಗಳು, ಅವುಗಳ ಮೊತ್ತ ಸುಮಾರು 1.64 ಲಕ್ಷ ಕೋಟಿ ರೂಪಾಯಿ. ಲೆಕ್ಕ ಮುಚ್ಚಿದ ಮೇಲೆ ಕೇಳಬೇಕಾದ ಒಂದು ಪ್ರಶ್ನೆ ಇದೆ. ಇಷ್ಟು ಹಣ ಯಾವ ಊರಿಗೆ ಹೋಗಬೇಕು, ಯಾವ ಊರಿಗೆ ಬೇಡ ಎಂದು ತೀರ್ಮಾನವಾಗಿದ್ದು ಹೇಗೆ? ಸುತ್ತಲಿನ ಪ್ರದೇಶದ ಪಾಲಿಗೆ ಇದರಿಂದ ಏನಾಯಿತು?

ಇದು ಹೊಸ ಪ್ರಶ್ನೆಯೇನಲ್ಲ. ಪಾಲಮಲೆಯ ಬುಡದಲ್ಲಿ ಇನ್ನೂರು ವರ್ಷಗಳಿಂದ ಹಣ ಹರಿಯುತ್ತಲೇ ಇದೆ. ಪ್ರತಿ ಸಲವೂ ದೂರದಲ್ಲಿ ಯಾರೋ ಒಂದು ಅಳತೆಗೋಲು ಮಾಡಿರುತ್ತಾರೆ. ಆ ಅಳತೆಗೆ ಸಿಕ್ಕ ಊರಿಗೆ ಹಣ ಬರುತ್ತದೆ, ಸಿಗದ ಊರು ಪಕ್ಕದಲ್ಲೇ ಇದ್ದರೂ ಬರುವುದಿಲ್ಲ. ಈ ಮಾತನ್ನು ಇತಿಹಾಸದ ಕೆಲವು ಮಜಲುಗಳಲ್ಲಿ ನೋಡೋಣ.

ಕಂದಾಯ ಮತ್ತು ರೈಲು

1792ರ ಶ್ರೀರಂಗಪಟ್ಟಣದ ಒಪ್ಪಂದವನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಟಿಪ್ಪು ಸುಲ್ತಾನ್ ಆಗ ಬಿಟ್ಟುಕೊಟ್ಟ ಸೀಮೆಗಳಲ್ಲಿ ಬಾರಾಮಹಲ್ ಮತ್ತು ಸೇಲಂ ಸೇರಿದ್ದವು. 1799ರಲ್ಲಿ ಕೊಯಮತ್ತೂರು ಸೀಮೆಯೂ ಕಂಪನಿಯ ಕೈಸೇರಿತು. ಬಾರಾಮಹಲಿನ ಕಂದಾಯದ ಉಸ್ತುವಾರಿಗೆ ಬಂದವರು ಅಲೆಕ್ಸಾಂಡರ್ ರೀಡ್. ಅವರ ಸಹಾಯಕರಲ್ಲಿ ಒಬ್ಬರು ಥಾಮಸ್ ಮನ್ರೋ. ಹೊಲ ಹೊಲವನ್ನೂ ಅಳೆದು ಒಬ್ಬೊಬ್ಬ ರೈತನ ಹೆಸರಿಗೂ ಕಂದಾಯ ಕಟ್ಟುವ ರೈತವಾರಿ ಪದ್ಧತಿ ಬೆಳೆದದ್ದು ಈ ನೆಲದಲ್ಲೇ.

ಅದುವರೆಗೆ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದ ಹಣ ಮದರಾಸಿನ ಕಡೆಗೆ ತಿರುಗಿತು. ಜನರ ಮನೆಮಾತು ಒಪ್ಪಂದಕ್ಕೆ ಸಹಿ ಬಿದ್ದ ಕೂಡಲೇ ಬದಲಾಗಲಿಲ್ಲ, ಆದರೆ ಅವರ ದುಡಿಮೆಯ ಹಣ ಹೋಗುವ ದಿಕ್ಕು ಬದಲಾಯಿತು. ಗಡಿ ಎಂದರೆ ನಾವು ಭಾಷೆಯನ್ನೇ ನೆನೆಯುತ್ತೇವೆ... ಖಜಾನೆ ಯಾವುದು ಎಂಬುದನ್ನೂ ಗಡಿಯೇ ತೀರ್ಮಾನಿಸುತ್ತದೆ.

ಮುಂದಿನ ಮಜಲು ರೈಲು. ಮದರಾಸ್ ರೈಲ್ವೆ ಕಂಪನಿ ಪೂರ್ವ ಕರಾವಳಿಯ ಮದರಾಸಿನಿಂದ ಪಶ್ಚಿಮ ಕರಾವಳಿಯ ಬೇಪೂರಿಗೆ ಸೇಲಂ ಮೂಲಕ ಹಳಿ ಹಾಕಿತು. 1862ರ ಹೊತ್ತಿಗೆ ಎರಡು ಕರಾವಳಿಗಳು ಕೂಡಿದವು. ಆ ಕಾಲದ ರೈಲ್ವೆ ಕಂಪನಿಗಳ ಷೇರುದಾರರಿಗೆ ವರ್ಷಕ್ಕೆ ಶೇಕಡ 5ರ ಲಾಭವನ್ನು ಸರ್ಕಾರವೇ ಖಾತರಿ ಮಾಡಿತ್ತು. ರೈಲಿಗೆ ನಷ್ಟವಾದರೆ ಅದನ್ನು ತುಂಬುತ್ತಿದ್ದದ್ದು ಇಲ್ಲಿನ ಕಂದಾಯ. ಸೇಲಂ ಮುಖ್ಯ ಮಾರ್ಗದಲ್ಲಿತ್ತು, ಬೆಳೆಯಿತು. 1866ರಲ್ಲಿ ಪುರಸಭೆಯೂ ಆಯಿತು.

ಧರ್ಮಪುರಿಯ ಕಥೆ ಬೇರೆ. ಮೊರಪ್ಪೂರಿನಿಂದ ಧರ್ಮಪುರಿಗೆ, ಮುಂದೆ ಹೊಸೂರಿನವರೆಗೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಸಣ್ಣ ಗೇಜಿನ ರೈಲು ಬಂತು. ಬರಗಾಲದಲ್ಲಿ ಧಾನ್ಯ ಸಾಗಿಸಲು ಅನುಕೂಲವಾಗಲಿ ಎಂದು ಹಾಕಿದ ಮಾರ್ಗ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದನ್ನು ಮುಚ್ಚಿ ಹಳಿ ಕಿತ್ತುಬಿಟ್ಟರು. ಮೊರಪ್ಪೂರು–ಧರ್ಮಪುರಿ ನಡುವೆ ಮತ್ತೆ ಹಳಿ ಹಾಕಲು ಶಂಕುಸ್ಥಾಪನೆ ಆದದ್ದು 2019ರಲ್ಲಿ! ಬಡ ಸೀಮೆಗೆ ಬಂದ ಬಂಡವಾಳ ಸುಲಭವಾಗಿ ವಾಪಸ್ಸಾಗುತ್ತದೆ, ಹೋದದ್ದು ಬೇಗ ಮರಳುವುದಿಲ್ಲ.

ಮೆಟ್ಟೂರು: ಇಲ್ಲಿ ಸುರಿದ ಹಣ, ಅಲ್ಲಿ ಬೆಳೆದ ಭತ್ತ

ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ 1924ರಲ್ಲಿ ಕಾವೇರಿ ಒಪ್ಪಂದವಾಯಿತು. 1925ರಲ್ಲಿ ಮೆಟ್ಟೂರಿನಲ್ಲಿ ಕೆಲಸ ಶುರುವಾಗಿ 1934ರ ಆಗಸ್ಟ್‌ನಲ್ಲಿ ಮುಗಿಯಿತು. ಜಲಾಶಯಕ್ಕೆ ಆಗಿನ ಗವರ್ನರ್ ಸ್ಟಾನ್ಲಿಯ ಹೆಸರಿಟ್ಟರು. ಖರ್ಚು ಸುಮಾರು 4.8 ಕೋಟಿ ರೂಪಾಯಿ, ಸಂಗ್ರಹ 93.47 ಟಿಎಂಸಿ. ಪಾಲಮಲೆಯ ಸುತ್ತಮುತ್ತ ಅದಕ್ಕೂ ಮೊದಲು ಅಷ್ಟು ಹಣ ಒಂದೇ ಕಡೆ ಬಿದ್ದ ಕಾಲ ಇರಲಿಲ್ಲ.

ಆದರೆ ಆ ಹಣದ ಉದ್ದೇಶ ಇಲ್ಲಿರಲಿಲ್ಲ. ಕಟ್ಟೆ ಕಟ್ಟಿದ್ದು ಇನ್ನೂರು ಕಿಲೋಮೀಟರಿಗೂ ಆಚೆ ಇರುವ ತಂಜಾವೂರು ಸೀಮೆಯ ಗದ್ದೆಗಳಿಗಾಗಿ. ಮೆಟ್ಟೂರಿನ ನೀರನ್ನು ನಂಬಿದ ಮುಖಜ ಭೂಮಿ ಸುಮಾರು 16 ಲಕ್ಷ ಎಕರೆ. ಸೇಲಂ, ನಾಮಕ್ಕಲ್, ಈರೋಡ್ ಜಿಲ್ಲೆಗಳಿಗೆ ಎಡದಂಡೆ, ಬಲದಂಡೆ ಕಾಲುವೆಗಳು ಬಂದದ್ದು ಕಟ್ಟೆ ಮುಗಿದು ಇಪ್ಪತ್ತು ವರ್ಷಗಳ ಮೇಲೆ, 1955ರಲ್ಲಿ. ಅವುಗಳಿಂದ ನೆನೆಯುವುದು ಸುಮಾರು 45,000 ಎಕರೆ.

ಮುಳುಗಿದ್ದು ಮಾತ್ರ ಇಲ್ಲಿನ ಹಳ್ಳಿಗಳು. ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಪಣ್ಣವಾಡಿಯ ಬಳಿ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಚರ್ಚಿನ ಗೋಪುರವೂ ಮೇಲೆ ಕಾಣಿಸುತ್ತವೆ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಜನ ನೋಡಲು ಹೋಗುತ್ತಾರೆ. ಒಂದು ಯೋಜನೆಯ ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆ ಬೀಳಬಹುದು ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ತಂಜಾವೂರಿನ ಅನ್ನ ಇಡೀ ರಾಜ್ಯಕ್ಕೆ ಬೇಕಿತ್ತು, ನಿಜ. ಹಾಗೆಂದು ಇಲ್ಲಿ ಮುಳುಗಿದ ಹೊಲದ ಲೆಕ್ಕ ಮರೆಯಾಗಬಾರದು.

ಕಟ್ಟೆಯ ಹಿಂದೆಯೇ ಕಾರ್ಖಾನೆಗಳು ಬಂದವು. 1936ರಲ್ಲಿ ಮೆಟ್ಟೂರು ಕೆಮಿಕಲ್ಸ್, 1937ರಲ್ಲಿ ಜಲವಿದ್ಯುತ್. 1965ರಲ್ಲಿ ಮದರಾಸ್ ಅಲ್ಯೂಮಿನಿಯಂ ಕಂಪನಿ ಉತ್ಪಾದನೆ ಶುರುಮಾಡಿತು. ಅದಕ್ಕೆ ಬಾಕ್ಸೈಟ್ ಬಂದದ್ದು ಶೇರ್ವರಾಯನ್ ಮತ್ತು ಕೊಲ್ಲಿಮಲೆ ಬೆಟ್ಟಗಳಿಂದ. ಸೇಲಂ ಉಕ್ಕಿನ ಕಾರ್ಖಾನೆಗೆ 1970ರಲ್ಲಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದರು, 1981ರಲ್ಲಿ ಉತ್ಪಾದನೆ ಆರಂಭವಾಯಿತು. ಇದೆಲ್ಲ ನೂರಾರು ಮನೆಗಳಿಗೆ ಸಂಬಳ ತಂದಿತು. ಬೆಟ್ಟದ ಬುಡದವರೆಗೆ ಕರೆಂಟು, ಟಾರು ರಸ್ತೆ, ಕ್ವಾರ್ಟರ್ಸ್ ಬಂದವು. ಬೆಟ್ಟದ ಮೇಲಕ್ಕೆ ಹತ್ತಲಿಲ್ಲ. ಅದಿರು ಬೆಟ್ಟದಿಂದ ಇಳಿಯುತ್ತಿತ್ತು, ಹಣ ಬೆಟ್ಟಕ್ಕೆ ಏರುತ್ತಿರಲಿಲ್ಲ.

ಸ್ಮಾರ್ಟ್ ಸಿಟಿಯ ಅಳತೆಗೋಲು

ಈಗ ನಮ್ಮ ಕಾಲಕ್ಕೆ ಬರೋಣ. ಸ್ಮಾರ್ಟ್ ಸಿಟಿ ಮಿಷನ್ನಿಗೆ ಕೇಂದ್ರ ಸರ್ಕಾರ ಇಟ್ಟ ಹಣ ಐದು ವರ್ಷಕ್ಕೆ 48,000 ಕೋಟಿ. ಒಂದು ನಗರಕ್ಕೆ ವರ್ಷಕ್ಕೆ ಸರಾಸರಿ 100 ಕೋಟಿ. ಅಷ್ಟೇ ಮೊತ್ತವನ್ನು ರಾಜ್ಯ ಸರ್ಕಾರ ಮತ್ತು ನಗರಾಡಳಿತ ಸೇರಿ ಕೊಡಬೇಕು. ಅಂದರೆ ಆಯ್ಕೆಯಾದ ಒಂದು ನಗರಕ್ಕೆ ಸುಮಾರು 1,000 ಕೋಟಿಯ ಬುನಾದಿ.

ಯಾವ ರಾಜ್ಯಕ್ಕೆ ಎಷ್ಟು ನಗರ ಎಂದು ಹಂಚಿದ್ದು ಹೇಗೆ ಗೊತ್ತೇ? ರಾಜ್ಯದ ನಗರವಾಸಿಗಳ ಸಂಖ್ಯೆ ಮತ್ತು ಕಾನೂನಿನ ಪ್ರಕಾರ ಪಟ್ಟಣ ಎನಿಸಿಕೊಂಡ ಊರುಗಳ ಸಂಖ್ಯೆ, ಈ ಎರಡಕ್ಕೂ ಸಮಾನ ತೂಕ. ಹಳ್ಳಿಯವರು ಈ ಲೆಕ್ಕದಲ್ಲಿ ಬರಲೇ ಇಲ್ಲ. ನಗರಗಳ ಯೋಜನೆಯಾದ್ದರಿಂದ ಅದು ಸಹಜವೇ ಅನ್ನಿ. ಆದರೆ ನಗರ ಹೆಚ್ಚಿರುವ ರಾಜ್ಯಕ್ಕೇ, ರಾಜ್ಯದೊಳಗೆ ನಗರ ಹೆಚ್ಚಿರುವ ಭಾಗಕ್ಕೇ ಹಣ ಹೋಗುವುದು ಅಲ್ಲಿಂದಲೇ ನಿಶ್ಚಯವಾಯಿತು. ಆಮೇಲೆ ನಗರಗಳ ನಡುವೆ ಸ್ಪರ್ಧೆ. ಯೋಜನಾ ವರದಿ ಬರೆಸಿ ಅಂಕ ಗಳಿಸಬೇಕು. ವರದಿ ಬರೆಸುವ ಶಕ್ತಿ, ಲೆಕ್ಕಪತ್ರ ನೆಟ್ಟಗಿರುವ ಆಡಳಿತ, ತೆರಿಗೆ ವಸೂಲಿಯ ದಾಖಲೆ ಇದ್ದ ಊರಿಗೆ ಇದು ಅನುಕೂಲ.

2016ರ ಜನವರಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ಚೆನ್ನೈ, ಕೊಯಮತ್ತೂರು, ಬೆಳಗಾವಿ, ದಾವಣಗೆರೆ, ಸೊಲ್ಲಾಪುರ ಇದ್ದವು. ಅದೇ ವರ್ಷದ ಸೆಪ್ಟೆಂಬರಿನ ಪಟ್ಟಿಯಲ್ಲಿ ಸೇಲಂ ಬಂತು, ಜೊತೆಗೆ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು. ಕೊನೆಗೆ ತಮಿಳುನಾಡಿಗೆ 11, ಕರ್ನಾಟಕಕ್ಕೆ 7. ಈಗ ನಮ್ಮ ಗಡಿಯ ಊರುಗಳನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿ. ಸೊಲ್ಲಾಪುರ ಇದೆ, ಅಕ್ಕಲಕೋಟೆ, ಜತ್ತ ಇಲ್ಲ. ಸೇಲಂ ಇದೆ, ಧರ್ಮಪುರಿ, ಕೃಷ್ಣಗಿರಿ ಇಲ್ಲ. ಈರೋಡ್ ಇದೆ, ಅದೇ ಜಿಲ್ಲೆಯ ತಾಳವಾಡಿ ಇಲ್ಲ. ಕೇರಳದಲ್ಲಿ ಕೊಚ್ಚಿ, ತಿರುವನಂತಪುರ ಇವೆ, ಕಾಸರಗೋಡು ಇಲ್ಲ. ಕನ್ನಡದವರೆಂದು ಯಾರೂ ಬೇಕೆಂದೇ ಬಿಟ್ಟದ್ದಲ್ಲ ಇದು. ಗಡಿಯ ಕನ್ನಡದವರು ಹೆಚ್ಚಾಗಿ ಇರುವುದು ಹಳ್ಳಿಗಳಲ್ಲಿ, ಸಣ್ಣ ಪೇಟೆಗಳಲ್ಲಿ. ಅಳತೆಗೋಲಿಗೆ ಹಳ್ಳಿ ಕಾಣಿಸುವುದಿಲ್ಲ, ಅಷ್ಟೇ.

ನಗರದ ಒಳಗೂ ಎಲ್ಲರಿಗೂ ಸಮಪಾಲು ಇರಲಿಲ್ಲ. ಹಳೆಯ ಬಡಾವಣೆಯನ್ನು ಸುಧಾರಿಸುವುದಾದರೆ 500 ಎಕರೆಗೂ ಮೇಲ್ಪಟ್ಟ ಒಂದು ಪ್ರದೇಶ ಆರಿಸಿಕೊಳ್ಳಿ, ಕೆಡವಿ ಕಟ್ಟುವುದಾದರೆ 50 ಎಕರೆಗೂ ಮೇಲೆ ಎಂದು ನಿಯಮವಿತ್ತು. ಹೆಚ್ಚಿನ ಹಣ ಇಂಥ ಆಯ್ದ ಭಾಗಕ್ಕೇ ಹೋಯಿತು. ಖರ್ಚು ಮಾಡಲು ಪ್ರತಿ ನಗರದಲ್ಲೂ ಒಂದು ಕಂಪನಿ ಸ್ಥಾಪಿಸಿದರು, ಅದರಲ್ಲಿ ರಾಜ್ಯಕ್ಕೂ ನಗರಾಡಳಿತಕ್ಕೂ ಅರ್ಧರ್ಧ ಪಾಲು. ಸೇಲಂನಲ್ಲಿ ಹಳೆಯ ಬಸ್ ನಿಲ್ದಾಣದ ಜಾಗದಲ್ಲಿ ಎರಡು ಅಂತಸ್ತಿನ ಹೊಸ ನಿಲ್ದಾಣ ಎದ್ದಿತು. 2023ರ ಜೂನ್‌ನಲ್ಲಿ ಅದರ ಉದ್ಘಾಟನೆಯಾಯಿತು.

ಇದರಿಂದ ಹಳ್ಳಿಯವರಿಗೆ ಏನೂ ಸಿಗಲಿಲ್ಲ ಎಂದರೆ ತಪ್ಪಾಗುತ್ತದೆ. ಆ ನಿಲ್ದಾಣದಲ್ಲಿ ಬಸ್ ಹತ್ತುವವರಲ್ಲಿ ಹಳ್ಳಿಯವರೂ ಇದ್ದಾರೆ. ಸೇಲಂನ ಸರ್ಕಾರಿ ಮೋಹನ್ ಕುಮಾರಮಂಗಲಂ ಆಸ್ಪತ್ರೆಗೆ ಬೆಟ್ಟದವರೂ ಬರುತ್ತಾರೆ. ನಗರ ಸುಧಾರಿಸಿದರೆ ಸುತ್ತಲಿನವರಿಗೂ ಅಷ್ಟಿಷ್ಟು ದಕ್ಕುತ್ತದೆ. ಹಳ್ಳಿಗೆ ಇಟ್ಟ ಹಣವನ್ನೇ ಕಿತ್ತು ನಗರಕ್ಕೆ ಕೊಟ್ಟರು ಎಂಬ ಮಾತೂ ಪೂರ್ತಿ ಸರಿಯಲ್ಲ. ಕೇಂದ್ರದಲ್ಲಿ ನಗರಾಭಿವೃದ್ಧಿಯ ಲೆಕ್ಕ ಬೇರೆ, ಗ್ರಾಮೀಣಾಭಿವೃದ್ಧಿಯ ಲೆಕ್ಕ ಬೇರೆ.

ಹಾಗಾದರೆ ಪ್ರದೇಶದ ಮೇಲೆ ಪರಿಣಾಮ ಆಗುವುದು ಎಲ್ಲಿ? ನನಗೆ ಕಾಣುವುದು ಮೂರು ಕಡೆ. ಒಂದು, ಸರಿಸಮ ಪಾಲಿನ ಷರತ್ತು. ಕೇಂದ್ರದ ನೂರು ರೂಪಾಯಿ ಪಡೆಯಲು ರಾಜ್ಯದ ಕಡೆಯಿಂದ ನೂರು ರೂಪಾಯಿ ತೆಗೆದಿಡಬೇಕು. ರಾಜ್ಯದ ಖಜಾನೆಯಲ್ಲಿ ನಗರ, ಹಳ್ಳಿ ಎಂದು ಎರಡು ಪೆಟ್ಟಿಗೆ ಇಲ್ಲ, ಆ ನೂರು ರೂಪಾಯಿ ಬೆಟ್ಟದ ರಸ್ತೆಗೂ ಹೋಗಬಹುದಾಗಿತ್ತು.

ಎರಡು, ಒಮ್ಮೆ ಪಟ್ಟಿಗೆ ಸೇರಿದ ಊರು ಬೇರೆ ಪಟ್ಟಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ ಅಮೃತ್ ಯೋಜನೆಯಲ್ಲಿ ಸೇಲಂ ಇತ್ತು. 2019ರ ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಸೇಲಂ, ಹೊಸೂರು ಎರಡೂ ಇವೆ. ಇರುವ ಕಡೆಗೇ ಮತ್ತಷ್ಟು ಸೇರುತ್ತದೆ.

ಮೂರು, ಖಾಸಗಿ ಹಣ. ಸರ್ಕಾರ ಚರಂಡಿ, ರಸ್ತೆ, ದೀಪ ಹಾಕಿದ ಕಡೆ ಜಾಗದ ಬೆಲೆ ಏರುತ್ತದೆ. ಬೆಲೆ ಏರಿದ ಜಾಗವನ್ನು ಅಡವಿಟ್ಟರೆ ಬ್ಯಾಂಕು ಸಾಲ ಕೊಡುತ್ತದೆ, ಸಾಲದಿಂದ ಅಂಗಡಿ ಏಳುತ್ತದೆ. ಬೆಟ್ಟದಲ್ಲಿ ಇದರ ಮೊದಲ ಮೆಟ್ಟಿಲೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಗುವ ಭೂಮಿಯ ಹಕ್ಕು ಮಕ್ಕಳಿಗೆ ಬರುತ್ತದೆ, ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಭೂಮಿ ಕೈತಪ್ಪಬಾರದೆಂದು ಮಾಡಿದ ಒಳ್ಳೆಯ ನಿಯಮ ಅದು. ಆದರೆ ಅಂಥ ಭೂಮಿ ತೋರಿಸಿ ಬ್ಯಾಂಕಿನಲ್ಲಿ ಸಾಲ ಕೇಳುವುದು ಕಷ್ಟ. ಹೀಗಾಗಿ ಸರ್ಕಾರದ ಹಣ ಬಾರದ ಕಡೆಗೆ ಖಾಸಗಿ ಹಣವೂ ಬರುವುದಿಲ್ಲ.

ಕೊರತೆಯೇ ಅಳತೆಯಾದಾಗ

ಹಾಗೆಂದು ದೊಡ್ಡ ಹಣವೆಲ್ಲ ದೊಡ್ಡ ಊರಿಗೇ ಹೋಗಬೇಕೆಂಬ ವಿಧಿಯೇನೂ ಇಲ್ಲ. ಅದೇ ಕಾವೇರಿಯ ಮೇಲ್ಭಾಗದಲ್ಲಿ, ಹೊಗೇನಕಲ್‌ನಲ್ಲಿ, ಇದಕ್ಕೆ ಸಾಕ್ಷಿ ಇದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಬಾವಿ, ಬೋರ್‌ವೆಲ್ ನೀರು ಕುಡಿದ ಮಕ್ಕಳ ಹಲ್ಲು ಹಳದಿಗಟ್ಟುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ ಬಾಗುತ್ತದೆ. ಶಾಲೆಯಲ್ಲಿ ಪಾಠ ಮಾಡುವವರು ಇದನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ, ಮಕ್ಕಳು ನಕ್ಕಾಗ ಕಾಣುತ್ತದೆ.

ಹೊಗೇನಕಲ್ ಕುಡಿಯುವ ನೀರಿನ ಯೋಜನೆಗೆ 2008ರಲ್ಲಿ ಶಂಕುಸ್ಥಾಪನೆ ಆಯಿತು. ಗಡಿಯ ಎರಡೂ ಕಡೆ ಆಗ ಎದ್ದ ಗಲಾಟೆ ನಮಗೆಲ್ಲ ನೆನಪಿದೆ. ಜಪಾನಿನ ಜೈಕಾ ಸಂಸ್ಥೆಯ ಸಾಲದಿಂದ ನಡೆದ 1,928 ಕೋಟಿ ರೂಪಾಯಿಯ ಯೋಜನೆ ಅದು. 2013ರಲ್ಲಿ ಉದ್ಘಾಟನೆಯಾಯಿತು. ಸ್ಮಾರ್ಟ್ ಸಿಟಿಯ ಒಂದು ನಗರದ ಬುನಾದಿ ಹಣದ ಸುಮಾರು ಎರಡರಷ್ಟು ಮೊತ್ತ, ಸ್ಮಾರ್ಟ್ ಸಿಟಿಯ ಯಾವ ಪಟ್ಟಿಗೂ ಸೇರದ ಎರಡು ಜಿಲ್ಲೆಗಳಿಗೆ ಬಂತು. ಕಾರಣವೇನು? ಇಲ್ಲಿ ಅಳತೆಗೋಲು ನೀರಿನಲ್ಲಿರುವ ವಿಷವಾಗಿತ್ತು. ಯಾರ ನೀರು ಕೆಟ್ಟಿದೆಯೋ ಅವರಿಗೆ ಹಣ. ಆ ನೀರು ತಮಿಳು, ತೆಲುಗು, ಕನ್ನಡ, ಉರ್ದು ಮಾತಾಡುವ ಎಲ್ಲರ ಮನೆಗೂ ಒಂದೇ ಕೊಳವೆಯಲ್ಲಿ ಹೋಗುತ್ತದೆ. ಎರಡು ರಾಜ್ಯಗಳ ವಾದ ಏನೇ ಇರಲಿ, ಈ ಒಂದು ಮಾತನ್ನು ನಾವು ಮಕ್ಕಳಿಗೆ ಹೇಳಬೇಕು.

ಅದೇ ರೀತಿ ಅಳತೆಗೋಲು ಸ್ವಲ್ಪ ವಾರೆಯಾದರೆ ಏನಾಗುತ್ತದೆ ಎಂಬುದಕ್ಕೆ ರಸ್ತೆಯನ್ನೇ ನೋಡಿ. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂತು. ಬಯಲು ಸೀಮೆಯಲ್ಲಿ 500 ಜನರಿರುವ ಊರಿಗೆ ರಸ್ತೆ. ಬೆಟ್ಟದ ರಾಜ್ಯಗಳು, ಮರುಭೂಮಿ ಮತ್ತು ಸಂವಿಧಾನದ ಐದನೆಯ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿದ್ದರೂ ಸಾಕು ಎಂದು ನಿಯಮ. ಕೇಳಲು ಚೆನ್ನಾಗಿದೆ. ಆದರೆ ತಮಿಳುನಾಡು ಬೆಟ್ಟದ ರಾಜ್ಯಗಳ ಪಟ್ಟಿಯಲ್ಲಿಲ್ಲ, ಇಲ್ಲಿ ಐದನೆಯ ಅನುಸೂಚಿಯ ಪ್ರದೇಶವೂ ಒಂದಿಲ್ಲ. ಹಾಗಾಗಿ ನಿಜವಾದ ಬೆಟ್ಟದ ಮೇಲಿದ್ದರೂ ಇಲ್ಲಿನ ಊರು ಆ ರಿಯಾಯಿತಿಗೆ ಸೇರಲಿಲ್ಲ. ಬೆಟ್ಟದ ಊರುಗಳೋ, ಇಲ್ಲಿ ಹತ್ತು ಮನೆ, ಅಲ್ಲಿ ಇಪ್ಪತ್ತು ಮನೆ ಎಂದು ಚದುರಿದ ದೊಡ್ಡಿಗಳು. ಒಟ್ಟು ಸೇರಿಸಿದರೆ ಸಾವಿರಾರು ಜನ, ಒಂದೊಂದಾಗಿ ಎಣಿಸಿದರೆ ಯಾವುದೂ ಅಳತೆಗೆ ಸಿಗುವುದಿಲ್ಲ.

ಇಂಥ ಊರಿನವರಿಗೆ ಇರುವ ಒಂದು ಬಾಗಿಲನ್ನು ಇಲ್ಲಿ ಹೇಳಿಬಿಡುತ್ತೇನೆ. ಅರಣ್ಯ ಹಕ್ಕು ಕಾಯ್ದೆಯ 3(2) ವಿಧಿಯ ಪ್ರಕಾರ ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರು, ರಸ್ತೆ ಮೊದಲಾದ ಕೆಲಸಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಬಳಸಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿರಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. ಅಂದರೆ ಇಲ್ಲಿ ಮೊದಲ ಕಾಗದ ಹೊರಡಬೇಕಾದದ್ದು ಊರಿನಿಂದಲೇ.

ನಮ್ಮ ಶಾಲೆಗಳ ಮಾತು

ಇದನ್ನೆಲ್ಲ ಒಬ್ಬ ಮೇಷ್ಟ್ರು ಏಕೆ ಬರೆಯಬೇಕು ಎಂದು ಕೆಲವರಿಗೆ ಅನಿಸಬಹುದು. ಸ್ಮಾರ್ಟ್ ಸಿಟಿ ಹಣದಲ್ಲಿ ದೇಶದ ಹಲವು ನಗರಗಳ ಪಾಲಿಕೆ ಶಾಲೆಗಳಿಗೆ ಸ್ಮಾರ್ಟ್ ಕ್ಲಾಸ್‌ರೂಮ್ ಬಂದವು. ಬಂದದ್ದು ಒಳ್ಳೆಯದೇ. ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಗಳು ಹೆಚ್ಚಾಗಿ ಇರುವುದು ಹಳ್ಳಿಗಳಲ್ಲಿ. ಮಕ್ಕಳ ಸಂಖ್ಯೆ ಕಡಿಮೆ, ಊರು ಸಣ್ಣದು, ಮಾಧ್ಯಮ ಬೇರೆ. ಜನಸಂಖ್ಯೆಯನ್ನೇ ಅಳತೆ ಮಾಡಿದರೆ ನಾವು ಯಾವಾಗಲೂ ಪಟ್ಟಿಯ ಕೊನೆಯಲ್ಲಿ. ಆದ್ದರಿಂದ ಅಳತೆಗೋಲನ್ನು ಓದುವುದು ನಮಗೆ ಅಕ್ಷರ ಓದುವಷ್ಟೇ ಅಗತ್ಯ.

ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟು ನೋಡಿ. ನಿಮ್ಮ ಊರಿನಲ್ಲಿ ಕಾಣುವ ಯಾವುದಾದರೂ ಒಂದು ಸರ್ಕಾರಿ ಕಟ್ಟಡ, ಟ್ಯಾಂಕು ಅಥವಾ ರಸ್ತೆಯನ್ನು ಆರಿಸಿಕೊಳ್ಳಲಿ. ಅದರ ಬಳಿ ಹಾಕಿರುವ ಕಲ್ಲು ಅಥವಾ ಬೋರ್ಡನ್ನು ಓದಲಿ. ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ತರಲಿ. ಈ ಹಣ ಯಾವ ಯೋಜನೆಯಿಂದ ಬಂತು? ಆ ಯೋಜನೆಗೆ ನಮ್ಮ ಊರು ಅರ್ಹವಾದದ್ದು ಯಾವ ಕಾರಣಕ್ಕೆ? ಪಕ್ಕದ ಊರಿಗೆ ಅದೇ ಏಕೆ ಬರಲಿಲ್ಲ? ಗ್ರಾಮಸಭೆ ನಡೆಯುವ ದಿನ ದೊಡ್ಡವರ ಜೊತೆ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು.

ಮೂರನೆಯ ಪ್ರಶ್ನೆಗೆ ಉತ್ತರ ತರಲು ಕಷ್ಟವಾಗುತ್ತದೆ. ಆದರೂ ಅದನ್ನು ಬಿಡಬೇಡಿ. ಮೆಟ್ಟೂರಿನ ಕಾಲದಲ್ಲಿ ಪಾಲಮಲೆಯ ಬುಡದ ಹಳ್ಳಿಗಳಲ್ಲಿ ಆ ಪ್ರಶ್ನೆ ಕೇಳಬಲ್ಲ ಓದಿದ ಮಕ್ಕಳು ಬಹಳ ಕಡಿಮೆ. ಈಗ ಪ್ರತಿ ಹಳ್ಳಿಯಲ್ಲೂ ಇದ್ದಾರೆ.